ಆಚೆಯೂರಿನ ಆಸ್ಪತ್ರೆ

ಹಳ್ಳಿಯಲ್ಲಿ ಕಾಯಿಲೆಯೆಂಬುದು ಒಬ್ಬರ ಸ್ವಂತದ ಆಸ್ತಿಯಲ್ಲ. ಯಾವುದೋ ಮನೆಯಲ್ಲಿ ಒಬ್ಬರು ಚಳಿಜ್ವರವೆಂದು ಕಂಬಳಿ ಹೊದ್ದು ಮಲಗಿದರೆ, ಸಂಜೆಯೊಳಗಾಗಿ ಆ ಸುದ್ದಿ ಅಗಸೆಬಾಗಿಲನ್ನು ಮುಟ್ಟಿರುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ನಾಲ್ಕು ಮನೆಯ ಕಷಾಯಗಳೂ ಎಂಟು ಮನೆಯ ಸಲಹೆಗಳೂ ಹಾಸಿಗೆಯ ಬಳಿ ಬಂದು ಕುಳಿತಿರುತ್ತವೆ. ಕಾಲು ಮುರಿದವನನ್ನು ನೋಡಬಂದವರು, ಕಾಲು ಮುರಿದ ಬಗೆಯನ್ನು ಅವನ ಬಾಯಿಂದಲೇ ಹತ್ತು ಸಲ ಹೇಳಿಸಿ ಕೇಳಿ, ಹನ್ನೊಂದನೆಯ ಸಲ ತಾವೇ ಅದನ್ನು ಅವನಿಗೆ ಹೇಳಿ ಹೋಗುತ್ತಾರೆ. ಸಕ್ಕರೆಯ ಕಾಯಿಲೆಯವರಂತೂ ಈಗೀಗ ಅದನ್ನು ಕೊಂಚ ಪ್ರತಿಷ್ಠೆಯಿಂದಲೇ ಹೇಳಿಕೊಳ್ಳುವುದುಂಟು. ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ತಂತಮ್ಮ ರಕ್ತದ ಸಕ್ಕರೆಯ ಅಂಕಿಗಳನ್ನು ಮೊಮ್ಮಕ್ಕಳ ಪರೀಕ್ಷೆಯ ಅಂಕಗಳಂತೆ ಹೋಲಿಸಿ ನೋಡುವುದು ಇಂದು ಅಪರೂಪದ ದೃಶ್ಯವಲ್ಲ.

ಒಂದು ಬಗೆಯ ಕಾಯಿಲೆಗೆ ಮಾತ್ರ ನೋಡಬರುವವರಿಲ್ಲ; ಬಾಳೆಯ ಹಣ್ಣಿಲ್ಲ, ಕಷಾಯವಿಲ್ಲ, ಕೊನೆಗೆ ಸಲಹೆಯೂ ಇಲ್ಲ. ಊರಿನ ಮಾತಿನಲ್ಲಿ ಅದಕ್ಕೆ ನೆಟ್ಟಗೆ ಒಂದು ಹೆಸರು ಕೂಡ ಇಲ್ಲ. ಗಂಡಸರು ಅದನ್ನು 'ಉಷ್ಣ' ಎನ್ನುತ್ತಾರೆ, ಹೆಂಗಸರು 'ಸೊಂಟನೋವು' ಎನ್ನುತ್ತಾರೆ. ಆಪ್ತರು ಆಪ್ತರೊಡನೆ ಮಾತನಾಡುವಾಗ ಧ್ವನಿಯನ್ನು ತಗ್ಗಿಸಿ 'ಅದು' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಸರ್ವನಾಮವು ನಾಮಪದಕ್ಕೆ ಬದಲಾಗಿ ನಿಲ್ಲುವುದೆಂದು ವ್ಯಾಕರಣ ಹೇಳುತ್ತದೆ. ಇಲ್ಲಿ ಅದು ನಾಮಪದಕ್ಕೆ ಅಡ್ಡವಾಗಿ ನಿಂತಿದೆ.

ಹೆಸರನ್ನು ಬಹಿರಂಗವಾಗಿ ಬರೆಯುವವರು ಒಬ್ಬರೇ. ಬಸ್ ನಿಲ್ದಾಣದ ಮೂತ್ರಿಯ ಗೋಡೆ, ಸೇತುವೆಯ ಕಂಬ, ಪಾಳುಬಿದ್ದ ಗಿರಣಿಯ ಬೆನ್ನು, ಹೀಗೆ ಸಿಕ್ಕಸಿಕ್ಕಲ್ಲಿ ಕೆಂಪು ಅಕ್ಷರಗಳಲ್ಲಿ 'ಗುಪ್ತರೋಗಗಳಿಗೆ ಶರ್ತಿಯಾ ಚಿಕಿತ್ಸೆ' ಎಂದು ಬರೆಯಿಸುವ ಮಹನೀಯರು ಅವರು. ತಿಂಗಳಿನ ಇಂಥ ವಾರ, ಇಂಥ ಲಾಡ್ಜಿನ ಇಂಥ ಕೋಣೆಯಲ್ಲಿ ಅವರ ದರ್ಶನ. ಗುಪ್ತವಾದುದನ್ನು ಇಷ್ಟು ಪ್ರಕಟವಾಗಿ ಸಾರುವ ಈ ಚಮತ್ಕಾರ ಇರಲಿ. ಆ ಪದದ ಕಥೆಯೂ ಸ್ವಾರಸ್ಯವಾದದ್ದೇ. ಸಂಸ್ಕೃತದ ಗುಪ್ ಧಾತುವಿಗೆ ಕಾಪಾಡುವುದೆಂದು ಅರ್ಥ. ಕಾಪಾಡಲ್ಪಟ್ಟದ್ದು ಗುಪ್ತ, ಕಾಪಾಡಿದ್ದನ್ನು ಮರೆಯಲ್ಲಿಡುವುದು ಲೋಕದ ವಾಡಿಕೆಯಾದ್ದರಿಂದ ಅಡಗಿಸಿಟ್ಟದ್ದೂ ಗುಪ್ತವಾಯಿತು. ಗುಪ್ತರೋಗದ ವಿಷಯದಲ್ಲಿ ಮೊದಲಿನ ಅರ್ಥವೇ ಕ್ರೂರವಾಗಿ ನಿಜವಾಗಿದೆ. ಅಡಗಿಸಿಟ್ಟದ್ದರಿಂದಲೇ ಆ ರೋಗ ಸುರಕ್ಷಿತವಾಗಿ ಉಳಿದಿದೆ.

ಹೆಸರಿನ ನಾಚಿಕೆ ನಮ್ಮ ನಾಡಿನದೊಂದೇ ಅಲ್ಲ. ಇಂದು ಸಿಫಿಲಿಸ್ ಎನ್ನುವ ವ್ಯಾಧಿಯನ್ನು ಇಟಲಿಯವರು ಫ್ರೆಂಚರ ರೋಗವೆಂದರು. ಫ್ರೆಂಚರು ಅದನ್ನು ನೇಪಲ್ಸಿನ ರೋಗವೆಂದು ಹಿಂದಕ್ಕೆ ಕಳಿಸಿದರು. ಹದಿನಾರನೆಯ ಶತಮಾನದ 'ಭಾವಪ್ರಕಾಶ'ವೆಂಬ ವೈದ್ಯಗ್ರಂಥ ಅದನ್ನು ಫಿರಂಗಿಯವರ ತಲೆಗೆ ಕಟ್ಟಿ 'ಫಿರಂಗರೋಗ' ಎಂದು ಕರೆಯಿತು. ಎಲ್ಲ ದೇಶದವರಿಗೂ ಅದು ಪಕ್ಕದ ದೇಶದ ಕಾಯಿಲೆ. ಎಲ್ಲ ಊರಿನವರಿಗೂ ಪಕ್ಕದ ಊರಿನದು. ಶತಮಾನಗಳವರೆಗೆ ಪಾದರಸವೇ ಅದಕ್ಕೆ ಔಷಧ. ರೋಗ ಉಳಿಸಿದ ಹಲ್ಲುಗಳನ್ನು ಔಷಧ ಉದುರಿಸುತ್ತಿತ್ತು. 1906ರಲ್ಲಿ ಜರ್ಮನಿಯ ವಾಸರ್‌ಮನ್ನನೂ ಅವನ ಸಂಗಡಿಗರೂ ರಕ್ತದಲ್ಲಿ ಈ ರೋಗದ ಗುರುತನ್ನು ಹಿಡಿಯುವ ಪರೀಕ್ಷೆಯನ್ನು ಕಂಡುಹಿಡಿದರು. 1943ರಲ್ಲಿ ಪೆನಿಸಿಲಿನ್ ಇದನ್ನು ಗುಣಪಡಿಸುವುದೆಂದು ತಿಳಿಯಿತು. ಅದಾದ ಮೂರು ವರ್ಷಕ್ಕೆ ಅಮೆರಿಕದ ಒಂದು ಪ್ರಯೋಗಶಾಲೆ ಇನ್ನೂ ಸುಲಭವಾದ ಪರೀಕ್ಷೆಯೊಂದನ್ನು ಸಿದ್ಧಪಡಿಸಿತು. ಆ ಪ್ರಯೋಗಶಾಲೆಯ ಹೆಸರಿನ ನಾಲ್ಕು ಮೊದಲಕ್ಷರಗಳು, ವಿ.ಡಿ.ಆರ್.ಎಲ್., ಇಂದು ನಮ್ಮ ಹಳ್ಳಿಯ ಬಸುರಿ ಹೆಂಗಸರ ಕೈಯಲ್ಲಿರುವ ತಾಯಿ ಕಾರ್ಡಿನ ಒಂದು ಸಾಲಿನಲ್ಲಿ ಕುಳಿತಿವೆ. ಅದು ಏನೆಂದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ತಿಳಿಯದಿರುವುದೇ ಆ ಪರೀಕ್ಷೆಯ ಭಾಗ್ಯವೆಂಬುದನ್ನು ಮುಂದೆ ನೋಡಬಹುದು.

ಅಂದರೆ ಈ ಒಂದು ರೋಗಕ್ಕಾದರೂ ಪರೀಕ್ಷೆ ಹಳೆಯದು, ಔಷಧ ಹಳೆಯದು, ಎರಡೂ ಅಗ್ಗ. ಆರಂಭದ ಹಂತದಲ್ಲಿ 24 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಒಂದು ಸಲ ಬಿದ್ದರೆ ಸಾಕು. ಎಷ್ಟು ಕಾಲದ ಸೋಂಕೆಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು. ಆ ಸೂಜಿ ನೋಯುವುದು ನಿಜ. ಎರಡು ದಿನ ಕುಳಿತುಕೊಳ್ಳುವುದು ಕಷ್ಟ. ಆದರೆ ಅದು ಬೀಳದೆ ಹೋದರೆ ನೋಯುವುದು ತಾಯಿಗೊಬ್ಬಳಿಗೇ ಅಲ್ಲ. ಚಿಕಿತ್ಸೆಯಿಲ್ಲದ ಬಸುರಿಯಿಂದ ಸೋಂಕು ಹೊಟ್ಟೆಯ ಕೂಸಿಗೆ ಇಳಿದು, ಗರ್ಭ ಜಾರಬಹುದು, ಕೂಸು ಸತ್ತು ಹುಟ್ಟಬಹುದು, ಹುಟ್ಟಿದ ಕೂಸು ಕಣ್ಣು ಕಿವಿ ಮೂಳೆಗಳಲ್ಲಿ ಅದರ ಗುರುತನ್ನು ಹೊತ್ತು ಬೆಳೆಯಬಹುದು. ಹಳ್ಳಿಯ ಮನೆಗಳಲ್ಲಿ 'ಆಕೆಯ ಕೈಗೆ ಕೂಸು ನಿಲ್ಲುವುದಿಲ್ಲ' ಎಂದು ಸೊಸೆಯೊಬ್ಬಳ ಮೇಲೆ ಹಣೆಬರಹವಾಗಿ ಕುಳಿತ ಮಾತಿನ ಹಿಂದೆ ಎಷ್ಟು ಸಲ ಒಂದು ಸೂಜಿಯ ಕೊರತೆಯಿತ್ತೋ, ಅದನ್ನು ಎಣಿಸಿದವರು ಯಾರು?

ಎಚ್.ಐ.ವಿ.ಯ ಕಥೆ ಬೇರೆ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ರಕ್ತದ ಮಾದರಿಗಳನ್ನು ಕೂಡಿಹಾಕಿದರು. ಪರೀಕ್ಷಿಸುವ ಸೌಕರ್ಯ ಆಗ ಮದರಾಸಿನಲ್ಲಿರಲಿಲ್ಲವಾದ್ದರಿಂದ ಅವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ವೆಲ್ಲೂರಿಗೆ ಒಯ್ಯಬೇಕಾಯಿತು. ಅಂದು ಮಹಾನಗರವೊಂದರಲ್ಲಿ ಇಲ್ಲದಿದ್ದ ಪರೀಕ್ಷೆ ಇಂದು ಹಳ್ಳಿಯ ಮೇಜಿನ ಮೇಲೆ, ಬೆರಳ ತುದಿಯ ಒಂದು ಹನಿ ರಕ್ತದಲ್ಲಿ, ಚಹಾ ಕುದಿದು ಆರುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಅದೇ ಹನಿಯಲ್ಲಿ ಸಿಫಿಲಿಸನ್ನೂ ಜೊತೆಗೇ ನೋಡುವ ಪಟ್ಟಿಗಳು ಬಂದಿವೆ. ಒಂದು ಪಟ್ಟಿಯ ಮೇಲೆ ಗೆರೆ ಮೂಡಿದ ಮಾತ್ರಕ್ಕೆ ಎಚ್.ಐ.ವಿ. ಎಂದು ಹೇಳುವಂತಿಲ್ಲ, ಬೇರೆ ಬೇರೆ ಮೂರು ಪರೀಕ್ಷೆಗಳು ಒಂದೇ ಮಾತನ್ನು ಹೇಳಬೇಕು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯ ಕಣ್ಣಿಗೆ ಅದು ಬೀಳದಿರಬಹುದಾದ್ದರಿಂದ ಮೂರು ತಿಂಗಳಿಗೆ ಮತ್ತೊಮ್ಮೆ ಬರಲು ಹೇಳುತ್ತಾರೆ. 2004ರ ಏಪ್ರಿಲ್‌ನಿಂದ ಸರ್ಕಾರವೇ ಔಷಧವನ್ನು ಬಿಟ್ಟಿ ಕೊಡುತ್ತಿದೆ. ಗುಣವಾಗದಿದ್ದರೂ ಕ್ರಮವಾಗಿ ಔಷಧ ತೆಗೆದುಕೊಂಡವರು ಬದುಕುತ್ತಾರೆ, ದುಡಿಯುತ್ತಾರೆ, ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ಏನನ್ನೂ ಮಾಡದಿದ್ದರೆ ತಾಯಿಯಿಂದ ಕೂಸಿಗೆ ದಾಟುವ ಸಂಭವ ನೂರಕ್ಕೆ ಹದಿನೈದರಿಂದ ನಲವತ್ತೈದರವರೆಗೆ. ಔಷಧ ನಡೆಸಿದರೆ ಅದು ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ.

ಇಷ್ಟೆಲ್ಲ ಇದ್ದೂ ಜನ ಏಕೆ ಬರುವುದಿಲ್ಲ? ಪಟ್ಟಣದಲ್ಲಿ ಕುಳಿತು ಯೋಚಿಸುವವರಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ: ದೂರ. ಆಸ್ಪತ್ರೆ ದೂರ, ಬಸ್ಸು ದುರ್ಲಭ, ಒಂದು ದಿನದ ಕೂಲಿ ನಷ್ಟ. ಇದೆಲ್ಲ ನಿಜ. ಸುಮಾರು ಮೂವತ್ತು ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ಲೆಕ್ಕ. ಆ ಮೂವತ್ತು ಸಾವಿರ ಹತ್ತಾರು ಊರುಗಳಲ್ಲಿ, ಹೊಲದೊಳಗಿನ ತೋಟದ ಮನೆಗಳಲ್ಲಿ ಚದುರಿಕೊಂಡಿರುತ್ತದೆ. ಆದರೆ ಹಳ್ಳಿಯ ಜೀವನವನ್ನು ಬಲ್ಲವರು ಇನ್ನೊಂದು ಉತ್ತರವನ್ನೂ ಹೇಳುತ್ತಾರೆ, ಮತ್ತು ಅದು ಮೊದಲನೆಯದಕ್ಕೆ ನೇರ ವಿರುದ್ಧವಾಗಿದೆ: ಆಸ್ಪತ್ರೆ ತೀರ ಹತ್ತಿರ.

ಬಾಗಲಕೋಟೆಯ ಜಿಲ್ಲೆಯಲ್ಲಿ ಘಟಪ್ರಭೆಯ ದಂಡೆಗೆ ಕಬ್ಬು ಬೆಳೆಯುವ ಒಂದು ಊರನ್ನು ಓದುಗರು ಮನಸ್ಸಿಗೆ ತಂದುಕೊಳ್ಳಲಿ. ಊರಿನ ಹೆಸರು ಬೇಡ. ಹೆಸರು ಹೇಳದಿರುವುದೇ ಇಂಥ ಕಥೆಯ ಮೊದಲ ನಿಯಮ. ಆರೋಗ್ಯ ಕೇಂದ್ರ ಊರಿನಲ್ಲೇ ಇದೆ, ಬೇವಿನ ಮರದ ಕೆಳಗೆ. ಚೀಟಿ ಬರೆಯುವವನು ದೊಡ್ಡಮನೆಯವರ ಹುಡುಗ. ರಕ್ತ ತೆಗೆಯುವವನು ಪಕ್ಕದೂರಿನವನು, ಆದರೆ ಈ ಊರಿನ ಅಳಿಯ. ಕಸ ಗುಡಿಸುವಾಕೆಗೆ ಊರಿನ ಅರ್ಧ ಮನೆಗಳ ಬಾಣಂತನದ ಚರಿತ್ರೆ ಬಾಯಿಪಾಠ. ಬಾಗಿಲಿಗೆ ಪರದೆ ಇದೆ, ಆದರೆ ಗಾಳಿಯೂ ಇದೆ. ಒಳಗೆ ಹೆಸರು ಕೂಗಿದರೆ ಹೊರಗೆ ಬೆಂಚಿನ ಮೇಲೆ ಕುಳಿತ ಹದಿನೈದು ಜನ ತಲೆಯೆತ್ತುತ್ತಾರೆ. ಇಂಥ ಕಡೆ ಒಬ್ಬ ಗಂಡಸು ಹೋಗಿ 'ನನಗೆ ಆ ಪರೀಕ್ಷೆ ಮಾಡಿ' ಎಂದು ಹೇಳುವುದೂ, ಗುಡಿಯ ಧ್ವನಿವರ್ಧಕದಲ್ಲಿ ಅದನ್ನು ಸಾರುವುದೂ ಒಂದೇ. ಪಟ್ಟಣದ ಮನುಷ್ಯನಿಗೆ ಜನಸಂದಣಿಯೇ ಒಂದು ಪರದೆ. ಹಳ್ಳಿಯವನಿಗೆ ಆ ಪರದೆಯಿಲ್ಲ. ಆದ್ದರಿಂದ ಆತ ತನ್ನೂರಿನ ಆಸ್ಪತ್ರೆಯನ್ನು ಬಿಟ್ಟು, ಗುರುತಿನವರು ತುಂಬಿರುವ ತಾಲ್ಲೂಕಿನ ಊರನ್ನೂ ದಾಟಿ, ಮೂರನೆಯ ಊರಿಗೆ ಹೋಗುತ್ತಾನೆ. ಆ ಮೂರನೆಯ ಊರಿನವನು, ಬಹುಶಃ ಅದೇ ಬಸ್ಸಿನ ಎದುರು ಬಸ್ಸಿನಲ್ಲಿ, ಇಲ್ಲಿಗೆ ಬರುತ್ತಿರುತ್ತಾನೆ!

ಬಾಗಲಕೋಟೆಯನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಜಿಲ್ಲೆಯಲ್ಲಿ ಮನೆಮನೆಗಳಿಂದ ಆಯ್ದು ವಯಸ್ಕರ ರಕ್ತವನ್ನು ಪರೀಕ್ಷಿಸಿದಾಗ, ಸುಮಾರು ನೂರಕ್ಕೆ ಮೂವರಲ್ಲಿ ಎಚ್.ಐ.ವಿ. ಕಂಡಿತು. ಇದು ಪಟ್ಟಣಗಳ ರೋಗವೆಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಹಳ್ಳಿಗಳಲ್ಲೇ ಅದು ಬೇರೂರಿತ್ತು, ಅದೂ ಒಂದೊಂದು ಹಳ್ಳಿಯಲ್ಲಿ ಒಂದೊಂದು ಪ್ರಮಾಣದಲ್ಲಿ. ದುಡಿಮೆಗಾಗಿ ಗೋವೆಗೂ ಮಹಾರಾಷ್ಟ್ರಕ್ಕೂ ಹೋಗಿಬರುವ ಜನ. 1982ರ ಕಾಯಿದೆ ನಿಷೇಧಿಸಿದ ಮೇಲೂ ಬೇಗನೆ ಅಳಿಯದ ದೇವದಾಸಿ ಪದ್ಧತಿ. ಇವೆರಡರ ಕಥೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಾಗಲಿಲ್ಲ. ಆಶ್ಚರ್ಯ ಬೇರೊಂದು ಕಡೆ ಇದೆ. ಸಮಾಜ ಯಾರನ್ನು ಹೊಸ್ತಿಲೊಳಗೆ ಕರೆಯದೋ ಆ ಹೆಂಗಸರು, ತಮ್ಮವರೇ ಆದ ಕಾರ್ಯಕರ್ತೆಯರ ಕೈಹಿಡಿದು, ಮೂರು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಅವರಲ್ಲಿ ಅಕ್ಷರ ಬಾರದವರು ಕೂಡ ಔಷಧದ ಪೊಟ್ಟಣಗಳನ್ನು ಬಣ್ಣದಿಂದ ಗುರುತಿಸಬಲ್ಲರು: ಬೂದು ಯಾವುದಕ್ಕೆ, ಹಸಿರು ಯಾವುದಕ್ಕೆ ಎಂದು. ಮರ್ಯಾದೆಯ ಮನೆಗಳೆನಿಸಿಕೊಂಡ ಕಡೆ ಮಾತ್ರ ಯಾರೂ ಯಾವ ಪರೀಕ್ಷೆಗೂ ಹೋಗಲಿಲ್ಲ, ಏಕೆಂದರೆ ಅಲ್ಲಿ ಅದರ ಅಗತ್ಯವಿಲ್ಲವೆಂದು ಮೊದಲೇ ತೀರ್ಮಾನವಾಗಿತ್ತು.

ಆ ಮನೆಗಳಲ್ಲಿ ಪರೀಕ್ಷೆಗೆ ದಾರಿ ತೆರೆದದ್ದು ಬಸುರಿತನ. ಬಸುರಿಯಾದವಳಿಗೆಲ್ಲ ರಕ್ತ ನೋಡುತ್ತಾರೆ, ತೂಕ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ. ಆ ಸಾಲಿನಲ್ಲಿ ಸಿಫಿಲಿಸನ್ನೂ ಎಚ್.ಐ.ವಿ.ಯನ್ನೂ ನೋಡುತ್ತಾರೆ. ಎಲ್ಲರಿಗೂ ಮಾಡುವುದರಿಂದ ಯಾರಿಗೂ ಅವಮಾನವಿಲ್ಲ. ಬೇಡವೆನ್ನುವ ಹಕ್ಕು ಆಕೆಗುಂಟು. ತಿಳಿಸಿ ಒಪ್ಪಿಗೆ ಪಡೆಯದೆ ಎಚ್.ಐ.ವಿ. ಪರೀಕ್ಷೆ ಕೂಡದೆಂದೂ, ಫಲಿತಾಂಶವನ್ನು ಹೊರಗೆಡಹಕೂಡದೆಂದೂ 2017ರ ಕಾಯಿದೆ ವಿಧಿಸಿದೆ. ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಆದರೆ ಬೇಡವೆನ್ನುವವರು ವಿರಳ. ಹೆಸರಿಲ್ಲದ ಪರೀಕ್ಷೆಗೆ ಯಾರು ಹೆದರುತ್ತಾರೆ? ಈ ಸರಳವಾದ ಉಪಾಯದಿಂದ ಉಳಿದ ಕೂಸುಗಳು ಅನೇಕ.

ಉಪಾಯದ ಒಳಗೇ ಒಂದು ಮುಳ್ಳೂ ಇದೆ. ಗಂಡಸರು ಬಸುರಿಯಾಗುವುದಿಲ್ಲ. ಗಂಡಸಿನ ಆಯುಷ್ಯದಲ್ಲಿ ಯಾರೂ ಸಹಜವಾಗಿ, ಮುಜುಗರವಿಲ್ಲದೆ, ಅವನ ರಕ್ತವನ್ನು ಕೇಳುವ ಸಂದರ್ಭವೇ ಇಲ್ಲ. ಹೀಗಾಗಿ ಮನೆಯಲ್ಲಿ ಮೊದಲು ಪರೀಕ್ಷೆಗೊಳಗಾಗುವವಳು ಹೆಂಡತಿ. ಮೊದಲು ತಿಳಿಯುವುದು ಅವಳ ರಕ್ತದ ಸುದ್ದಿ. ಮೊದಲು ತಿಳಿದದ್ದರಿಂದ ಮೊದಲು ತಂದವಳೂ ಅವಳೇ ಎಂದು ಲೋಕ ಲೆಕ್ಕ ಹಾಕುತ್ತದೆ. ಯಾರಿಂದ ಯಾರಿಗೆ ಬಂತೆಂದು ಹೇಳುವ ಶಕ್ತಿ ಆ ಪಟ್ಟಿಯ ಗೆರೆಗಿಲ್ಲ. ಮನೆಯವರಿಗೆ ಮಾತ್ರ ಅದು ನ್ಯಾಯಾಲಯದ ತೀರ್ಪಿನಂತೆ ಕಾಣುತ್ತದೆ. ಹಡೆಯಲು ತವರಿಗೆ ಹೋದ ಹೆಣ್ಣುಮಗಳು ಮರಳಿ ಗಂಡನ ಮನೆಯ ಬಾಗಿಲನ್ನು ಕಾಣದೆ ಹೋದ ಕಥೆಗಳು ಆ ಸೀಮೆಯಲ್ಲಿ ಕೇಳಿಬರುವುದಕ್ಕೆ ಇದು ಒಂದು ಕಾರಣ.

ಘಟಪ್ರಭೆಯ ದಂಡೆಯ ಆ ಊರಿನಲ್ಲಿ ಇಂಥದೊಂದು ಮನೆ. ಗಂಡ ಗೌಂಡಿ, ವರ್ಷದಲ್ಲಿ ಎಂಟು ತಿಂಗಳು ಗೋವೆಯಲ್ಲಿ ಗೋಡೆ ಕಟ್ಟುತ್ತಾನೆ. ಹೆಂಡತಿಗೆ ಐದನೆಯ ತಿಂಗಳು. ಹಿಂದಿನ ಬಸುರು ನಿಂತಿರಲಿಲ್ಲ. ಹನಿ ರಕ್ತದಲ್ಲಿ ಎಚ್.ಐ.ವಿ. ಇರಲಿಲ್ಲ, ಸಿಫಿಲಿಸಿನ ಗೆರೆ ಮೂಡಿತು. ಆಶಾ ಕಾರ್ಯಕರ್ತೆ ಅದೇ ಓಣಿಯ ಸೊಸೆ. 2005ರಿಂದೀಚೆಗೆ ಸಾವಿರ ಜನಕ್ಕೊಬ್ಬರಂತೆ ಬಂದ ಈ ಹೆಂಗಸರು ಊರಿನ ಗುಟ್ಟುಗಳ ನಡುವೆ ಹಗ್ಗದ ಮೇಲಿನ ನಡಿಗೆ ನಡೆಯುವವರು. ದಾದಿಯ ಕೋಣೆಯಿಂದ ಹೊರಬಂದ ಹುಡುಗಿಯೊಡನೆ ಆಕೆ ಬೇವಿನ ಮರದಾಚೆಯವರೆಗೆ ಮಾತಿಲ್ಲದೆ ನಡೆದಳು.

"ಅಕ್ಕಾರ, ಕೂಸಿಗೆ ಏನರ ಆಕ್ಕೈತೇನ್ರೀ?" ಎಂದು ಹುಡುಗಿಯೇ ಕೇಳಿದಳು.

"ಸೂಜಿ ಮಾಡಿಸಿದ್ರ ಏನೂ ಆಗೂದಿಲ್ಲ ತಂಗಿ. ಇವತ್ತ ಒಂದು ಆತು, ಇನ್ನೂ ಎರಡು ವಾರ ಬರಬೇಕು. ಆದರ ನಿಮ್ಮ ಮನಿಯವರೂ ಒಮ್ಮೆ ರಕ್ತ ಕೊಡಬೇಕಾಗ್ತೈತಿ."

"ಅವರ್ಯಾಕ್ರೀ?"

"ಹೊಲದಾಗ ಕಳೆ ಬಿದ್ದರ ಒಂದ ಬದುವಿನ ಕಡೆ ಅಷ್ಟ ಕಿತ್ತರ ಆಗತೈತೇನು? ಮತ್ತ ಬರತೈತಿ."

ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, "ಅತ್ತಿಗೆ ಹೇಳಬ್ಯಾಡ್ರಿ" ಎಂದಳು.

ಅತ್ತೆಗೆ ಯಾರೂ ಹೇಳಲಿಲ್ಲ. ಆದರೆ ಹಬ್ಬಕ್ಕೆ ಬಂದ ಮಗನನ್ನು ಆರೋಗ್ಯ ಕೇಂದ್ರಕ್ಕೆ ಕರೆಯುತ್ತಿದ್ದಾರೆಂಬುದು ತಿಳಿದಾಗ ಆಕೆ ನಡುಮನೆಯಿಂದಲೇ ಕೇಳಿದ ಪ್ರಶ್ನೆ ತರ್ಕಬದ್ಧವಾದದ್ದೇ: "ಬಸರಾದಾಕಿ ಆಕಿ. ಅವನ ರಕ್ತ ಯಾಕ ಬೇಕ್ರೆವ್ವಾ ನಿಮಗ?"

"ಇಬ್ಬರದೂ ರಕ್ತದ ಗುಂಪು ನೋಡಬೇಕಾಗ್ತೈತಿ, ಅತ್ತಿ. ಕೂಸಿಗೆ ಚಲೋದು" ಎಂದಳು ಆಶಾ ಕಾರ್ಯಕರ್ತೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತಂದೆಯ ರಕ್ತದ ಗುಂಪನ್ನು ನೋಡಬೇಕಾದ ಸಂದರ್ಭಗಳುಂಟು. ಸತ್ಯವನ್ನು ಇಷ್ಟು ಹದವಾಗಿ ಬಳಸುವ ಕಲೆಯನ್ನು ಆಕೆಗೆ ಯಾವ ತರಬೇತಿಯೂ ಕಲಿಸಿರಲಿಕ್ಕಿಲ್ಲ.

ಇಂಥ ಸಣ್ಣ ನೆಪಗಳನ್ನು ಸರ್ಕಾರದ ವ್ಯವಸ್ಥೆಯೂ ಕಲಿಯಬೇಕಾಗಿದೆ. ಅಲ್ಲಲ್ಲಿ ಕಲಿಯುತ್ತಲೂ ಇದೆ. ಹಳ್ಳಿಗೆ ಪರೀಕ್ಷೆಯ ವಾಹನವನ್ನು ಕಳಿಸುವುದು ಒಳ್ಳೆಯದೇ. ಆದರೆ ಅದರ ನಾಲ್ಕೂ ಮೈಮೇಲೆ ಏಡ್ಸ್ ಎಂದು ದಪ್ಪಕ್ಷರದಲ್ಲಿ ಬರೆದು, ಅದನ್ನು ಪಂಚಾಯಿತಿಯ ಕಟ್ಟೆಯೆದುರು ನಿಲ್ಲಿಸಿ, ಹಾಡು ಹಾಕಿದರೆ, ಅದರ ಮೆಟ್ಟಿಲು ಹತ್ತುವ ಧೈರ್ಯ ಮಕ್ಕಳಿಗೆ ಮಾತ್ರ ಬರುತ್ತದೆ. ಅದೇ ವಾಹನ ರಕ್ತದೊತ್ತಡಕ್ಕೂ ಸಕ್ಕರೆಗೂ ಕ್ಷಯಕ್ಕೂ ಬಂದಿದೆಯೆಂದರೆ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ಒಳಗೆ ಹೋದವನು ಯಾವುದಕ್ಕೆ ಹೋದನೆಂದು ಹೊರಗೆ ನಿಂತವನಿಗೆ ತಿಳಿಯದು. ಗಂಡಸಿಗೂ ಒಂದು 'ಬಸುರಿತನ'ವನ್ನು, ಅಂದರೆ ಎಲ್ಲರಿಗೂ ಎಲ್ಲವನ್ನೂ ನೋಡುವ ಒಂದು ಸಹಜ ಸಂದರ್ಭವನ್ನು, ಹುಡುಕಿಕೊಡಬೇಕು. ಕಬ್ಬಿನ ಕಾರ್ಖಾನೆಯ ಹಂಗಾಮು ಆಗಬಹುದು, ಗೌಂಡಿಗಳು ಊರಿಗೆ ಮರಳುವ ಹಬ್ಬದ ಕಾಲವಾಗಬಹುದು, ಹೆಂಡತಿಯ ಮೊದಲ ತಪಾಸಣೆಗೆ ಗಂಡನನ್ನೂ ಕರೆದು ಇಬ್ಬರಿಗೂ ಒಟ್ಟಿಗೆ ನೋಡುವ ಪದ್ಧತಿಯಾಗಬಹುದು. ಒಟ್ಟಿಗೆ ತಿಳಿದ ಸುದ್ದಿಗೆ ಮೊದಲು ಯಾರು ಎಂಬ ಜಗಳ ಕಡಿಮೆ. ಮನೆಯಿಂದ ಕದಲದೆ, ಹೆಸರು ಹೇಳದೆ, ಕೇಳಿ ತಿಳಿಯಬೇಕೆನ್ನುವವರಿಗೆ 1097 ಎಂಬ ದೂರವಾಣಿ ಸಂಖ್ಯೆಯೂ ಇದೆ, ಅದಕ್ಕೆ ಹಣವಿಲ್ಲ.

ಪರೀಕ್ಷೆಯೇ ತಲುಪದ ರೋಗಗಳೂ ಇವೆ. ಗೊನೊರಿಯಾ, ಕ್ಲಮೀಡಿಯಾ ಮೊದಲಾದುವಕ್ಕೆ ಬೇಕಾದ ಪ್ರಯೋಗಶಾಲೆ ಹಳ್ಳಿಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲಕ್ಷಣವನ್ನು ನೋಡಿ ಬಣ್ಣದ ಪೊಟ್ಟಣ ಕೊಡುವುದೇ ಅಲ್ಲಿಯ ಕ್ರಮ. ಬಿಳಿಸೆರಗೆಂದು ಬಂದ ಹೆಂಗಸಿಗೆ, ಅದು ಸೋಂಕಿನದಿರಲಿ ಬೇರೆಯದಿರಲಿ, ಔಷಧ ಸಿಗುತ್ತದೆ. ಯಾವ ಲಕ್ಷಣವೂ ಇಲ್ಲದವಳಿಗೆ ಏನೂ ಸಿಗುವುದಿಲ್ಲ. ಹೆಂಗಸರಲ್ಲಿ ಈ ಎರಡು ರೋಗಗಳು ಬಹುಪಾಲು ಲಕ್ಷಣವಿಲ್ಲದೆಯೇ ಒಳಗೆ ಕುಳಿತು, ವರ್ಷಗಳ ಮೇಲೆ ಬಂಜೆತನವಾಗಿ ಹೊರಬೀಳುವಂಥವು. ಆಗ ಆಕೆಯನ್ನು ಒಯ್ಯುವುದು ದೇವರ ಗುಡಿಗಳಿಗೆ.

ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ ಇರುವ ಕೋಣೆಗೆ 'ಆಪ್ತ ಸಮಾಲೋಚನಾ ಕೇಂದ್ರ' ಎಂದು ಹೆಸರು. ಸರ್ಕಾರದ ಫಲಕಗಳಲ್ಲಿ ಬರುವ ಕನ್ನಡ ಸಾಮಾನ್ಯವಾಗಿ ಹಲ್ಲಿಗೆ ಸಿಕ್ಕ ಕಲ್ಲಿನಂತಿರುತ್ತದೆ; ಈ ಮಾತನ್ನು ಟಂಕಿಸಿದವರು ಯಾರೋ ಹೃದಯವಂತರು. ಆಪ್ತ! ಕಚೇರಿಯ ಬಾಗಿಲ ಮೇಲೆ ಇಂಥ ಪದ ಬೇರೆಲ್ಲಿದೆ? ಆ ಕೋಣೆಯಲ್ಲಿ ಕುಳಿತ ಸಮಾಲೋಚಕಿಗೆ ಬೇಕಾದ ಮೊದಲ ವಿದ್ಯೆ ರಕ್ತದ್ದಲ್ಲ, ಕಿವಿಯದು. ಬಂದವರು ಮೊದಲ ಹತ್ತು ನಿಮಿಷ ಮಳೆಯ ವಿಷಯ ಮಾತನಾಡುತ್ತಾರೆ. ಅನಂತರ 'ನಮ್ಮ ಗೆಳೆಯನೊಬ್ಬನಿಗೆ' ಎಂದು ಆರಂಭಿಸುತ್ತಾರೆ. ಗೆಳೆಯನ ಕಥೆ ಮುಗಿಯುವವರೆಗೆ ತಾಳ್ಮೆಯಿಂದ ಕೇಳಬೇಕು. ಆ ಗೆಳೆಯನ ವಯಸ್ಸು, ಊರು, ಹಚ್ಚೆ ಎಲ್ಲವೂ ಎದುರಿಗೆ ಕುಳಿತವನದೇ ಆಗಿದ್ದರೂ ನಗಬಾರದು.

ಗೌಂಡಿ ತನ್ನೂರಿನ ಕೇಂದ್ರಕ್ಕೆ ಹೋಗಲಿಲ್ಲ. "ಲ್ಯಾಬಿನವ ನಮ್ಮ ಕಾಕಾನ ಅಳಿಯಾ ಅದಾನ. ಅಲ್ಲಿ ಬ್ಯಾಡ" ಎಂದನಂತೆ. ಹೆಂಡತಿ ಒತ್ತಾಯಿಸಲಿಲ್ಲ, ಆದರೆ ಎರಡನೆಯ ಸೂಜಿಯ ದಿನ ಮರಳಿ ಬಂದು ಕುಳಿತುಕೊಳ್ಳಲಾರದೆ ಗೋಡೆ ಹಿಡಿದು ನಿಂತಳು. ರಾತ್ರಿ ಆತ ಕೇಳಿದ, ಆಕೆ ಹೇಳಿದಳು. ಏನು ಹೇಳಿದಳೆಂಬುದೂ, ಆತ ಎಷ್ಟು ಹೊತ್ತು ಅಂಗಳದಲ್ಲಿ ಕುಳಿತಿದ್ದನೆಂಬುದೂ ಅವರಿಬ್ಬರದೇ ಮಾತು. ಬೆಳಗಿನ ಮೊದಲ ಬಸ್ಸಿಗೆ ಆತ ಹೊರಟ. 2023ರ ಜೂನಿನಿಂದ ನಮ್ಮ ನಾಡಿನ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಮೂರನೆಯ ಊರಿನ ಆಸ್ಪತ್ರೆ ಅವರಿಗೆ ಅಷ್ಟರಮಟ್ಟಿಗೆ ಹತ್ತಿರವಾಗಿದೆ. ಗೌಂಡಿ ಗಂಡಸು. ಹಣ ಕೊಟ್ಟು, ತಾಲ್ಲೂಕಿನ ಊರಿನಲ್ಲಿ ಇಳಿಯದೆ, ಮುಂದಕ್ಕೆ ಹೋದ.

ಆಪ್ತ ಸಮಾಲೋಚನೆಯ ಕೋಣೆಯ ಹೊರಗೆ ಉದ್ದನೆಯ ಬೆಂಚು. ಅದರ ಆಚೆಯ ತುದಿಯಲ್ಲಿ ರುಮಾಲನ್ನು ಹುಬ್ಬಿನವರೆಗೆ ಇಳಿಸಿಕೊಂಡು ಕುಳಿತಿದ್ದ ಮುದುಕರು ತಲೆಯೆತ್ತಿದರು. ಗೌಂಡಿಯ ಓಣಿಯಲ್ಲೇ, ನಾಲ್ಕು ಮನೆಗಳಾಚೆ, ಅವರ ಮನೆ.

ಎದ್ದು ಹೋಗುವುದಕ್ಕೆ ಇಬ್ಬರಿಗೂ ತಡವಾಗಿತ್ತು.

"ಏನ್ರಿ ಕಾಕಾ, ಇಲ್ಲಿ?"

"ಸಂತಿಗೆ ಬಂದಿದ್ದೆ ತಮ್ಮಾ. ಬಿಸಲಾತು, ನೆಳ್ಳಿಗೆ ಕುಂತೆ. ನೀ?"

"ನಾನೂ ಸಂತಿಗೇ ಬಂದೇನ್ರಿ."

ಆ ಊರಿನ ಸಂತೆ ಕಳೆದು ಮೂರು ದಿನವಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಒಳಗಿನಿಂದ ಹೆಸರನ್ನು ಕೂಗಲಿಲ್ಲ. ಒಬ್ಬಾಕೆ ಬಾಗಿಲಿಗೆ ಬಂದು, ಕೈಯಲ್ಲಿದ್ದ ಚೀಟಿಯ ಸಂಖ್ಯೆಯನ್ನು ಮಾತ್ರ ಹೇಳಿದಳು. ಕಾಕಾ ಎದ್ದರು. ಅವರಾದ ಮೇಲೆ ಗೌಂಡಿ. ಸಿಫಿಲಿಸಿನ ಗೆರೆ ಆತನದರಲ್ಲೂ ಮೂಡಿತು, ಎಚ್.ಐ.ವಿ. ಇಲ್ಲ, ಮೂರು ತಿಂಗಳಿಗೆ ಮತ್ತೆ ಬಾ ಎಂದರು. ಸೂಜಿ ಎರಡೂ ಬದಿಗೆ ಬಿತ್ತು. ಹೆಂಡತಿ ಗೋಡೆ ಹಿಡಿದು ನಿಂತದ್ದು ಏಕೆಂದು ಆತನಿಗೆ ಆಗ ತಿಳಿಯಿತು.

ಸಂಜೆಯ ಬಸ್ಸಿನಲ್ಲಿ ಕುಳಿತುಕೊಳ್ಳಲು ಸ್ಥಳವಿದ್ದರೂ ಇಬ್ಬರು ಪ್ರಯಾಣಿಕರು ಕಂಬಿ ಹಿಡಿದು ನಿಂತೇ ಇದ್ದರು, ಒಬ್ಬರು ಮುಂದಿನ ಬಾಗಿಲ ಬಳಿ, ಒಬ್ಬ ಹಿಂದಿನ ಬಾಗಿಲ ಬಳಿ. ಕಂಡಕ್ಟರು ಮುಂದಿನಿಂದ ಟಿಕೇಟು ಕೊಡುತ್ತ ಬಂದ. ರುಮಾಲಿನ ಮುದುಕರು ಸೊಂಟದ ಚೀಲದಿಂದ ನೋಟು ತೆಗೆದು, ಊರಿನ ಹೆಸರು ಹೇಳಿ, ಹಿಂದಕ್ಕೆ ತಿರುಗಿ ನೋಡದೆ, "ಎರಡು ಕೊಡ್ರಿ" ಎಂದರು.